ಕ್ರಾನಿಕ್ ಅಂದ್ರೆ ಜೋರಾಗಿದೆ ಅಂತಲ್ಲ, ಬಹಳ ದಿನದ್ದು ಅಂತ



ಈ ಸಲದ ಪದಪಾಠಕ್ಕೆ ನಾವು ಆರಿಸಿಕೊಂಡಿರೋದು ಒಂದೇ ಒಂದು ಇಂಗ್ಲಿಷ್ ಗುಣವಾಚಕ: ಕ್ರಾನಿಕ್. ಈ ಪದ ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಪೇಪರಿನಲ್ಲಿ ಬರುತ್ತೆ, ಆಸ್ಪತ್ರೆಯ ರಿಪೋರ್ಟಿನಲ್ಲಿ ಬರುತ್ತೆ, ಕ್ವಾಲಿಟಿ ಮ್ಯಾನೇಜ್‌ಮೆಂಟ್ ಪುಸ್ತಕದಲ್ಲೂ ಬರುತ್ತೆ. ಆದರೆ ಅರ್ಥ ಕೇಳಿದರೆ ಹತ್ತರಲ್ಲಿ ಏಳೆಂಟು ಜನ ಹೇಳೋದು 'ತುಂಬಾ ಸೀರಿಯಸ್' ಅಂತ. ರಜಾ ಅರ್ಜಿಯಲ್ಲಿ 'ನಿನ್ನೆಯಿಂದ ಕ್ರಾನಿಕ್ ಜ್ವರ' ಅಂತ ಬರೆಯೋರೂ ಇದ್ದಾರೆ. ನಿನ್ನೆ ಶುರುವಾದ ಜ್ವರ ಎಷ್ಟೇ ಜೋರಾಗಿರಲಿ, ಅದು ಕ್ರಾನಿಕ್ ಆಗೋಕೆ ಸಾಧ್ಯವೇ ಇಲ್ಲ. ಯಾಕೆ ಅಂದ್ರೆ ಈ ಪದ ಅಳೆಯೋದು ಜೋರನ್ನಲ್ಲ, ಕಾಲವನ್ನು.

ಒಂದು ಪದದ ಅರ್ಥ ಸ್ವಲ್ಪ ಆಚೀಚೆ ಆದರೆ ಏನಾಯ್ತು ಅಂತ ಕೇಳಬಹುದು. ಎಷ್ಟೋ ಪದಗಳ ವಿಷಯದಲ್ಲಿ ಏನೂ ಆಗಲ್ಲ. ಇದರ ವಿಷಯದಲ್ಲಿ ಆಗುತ್ತೆ. ನಮ್ಮಲ್ಲಿ ಅನೇಕರ ಮನೆಯಲ್ಲಿ ಇಂಗ್ಲಿಷ್ ಓದೋರು ನಾವೇ. ಅಮ್ಮನ ಸ್ಕ್ಯಾನಿಂಗ್ ರಿಪೋರ್ಟ್, ಅಜ್ಜನ ರಕ್ತಪರೀಕ್ಷೆಯ ಹಾಳೆ ಮೊದಲು ಬರೋದು ನಮ್ಮ ವಾಟ್ಸಾಪಿಗೆ. 'ನೋಡಪ್ಪಾ, ಇದರಲ್ಲೇನಿದೆ?' ಅಂತ ಕೇಳ್ತಾರೆ. ಆಗ ನಾವು ಹೇಳೋ ಒಂದು ಮಾತಿನ ಮೇಲೆ ಆ ಮನೆಯ ರಾತ್ರಿ ನಿದ್ದೆ ನಿಂತಿರುತ್ತೆ. ಹಾಗಾಗಿ ಈ ಪಾಠವನ್ನು ಸ್ವಲ್ಪ ನಿಧಾನವಾಗಿ ಮಾಡೋಣ.

ಪದದ ಹುಟ್ಟು

ಗ್ರೀಕ್ ಭಾಷೆಯಲ್ಲಿ 'ಕ್ರೋನೋಸ್' ಅಂದ್ರೆ ಕಾಲ. ಅದರಿಂದ 'ಕ್ರೋನಿಕೋಸ್', ಅಂದ್ರೆ ಕಾಲಕ್ಕೆ ಸಂಬಂಧಿಸಿದ್ದು. ಅದು ಲ್ಯಾಟಿನ್‌ಗೆ ಹೋಗಿ, ಫ್ರೆಂಚ್ ದಾಟಿ, ಇಂಗ್ಲಿಷಿಗೆ ಬಂದು 'ಕ್ರಾನಿಕ್' ಆಯ್ತು. ಇಡೀ ಪದದಲ್ಲಿ ನೋವು, ಕಾಯಿಲೆ, ಅಪಾಯ ಅನ್ನೋ ಅರ್ಥದ ಒಂದು ತುಣುಕೂ ಇಲ್ಲ. ಇರೋದು ಕಾಲ ಮಾತ್ರ.

ಈ ಬೇರಿನ ಬಳಗ ನಮಗೆ ಹೊಸದೇನಲ್ಲ. ಎಲೆಕ್ಟ್ರಿಕಲ್‌ನವರ ಸಿಂಕ್ರನಸ್ ಮೋಟಾರನ್ನೇ ತಗೊಳ್ಳಿ. 'ಸಿನ್' ಅಂದ್ರೆ ಒಟ್ಟಿಗೆ, 'ಕ್ರೋನೋಸ್' ಅಂದ್ರೆ ಕಾಲ. ತಿರುಗುವ ಕಾಂತಕ್ಷೇತ್ರದ ಜೊತೆಗೇ ಹೆಜ್ಜೆ ಹಾಕುವ ಮೋಟಾರು ಅದು. 50 ಹರ್ಟ್ಸ್, 4 ಪೋಲ್ ಇದ್ದರೆ ನಿಮಿಷಕ್ಕೆ 1500 ಸುತ್ತು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಕಂಪ್ಯೂಟರ್ ಸೈನ್ಸ್‌ನವರ ಅಸಿಂಕ್ರನಸ್ ಕಾಲ್ ಇದರ ವಿರುದ್ಧ ಪದ. ಲಿನಕ್ಸ್‌ನಲ್ಲಿ ಹೇಳಿದ ಹೊತ್ತಿಗೆ ತಾನೇ ಓಡುವ 'ಕ್ರಾನ್' ಕೂಡ ಇದೇ ಬಳಗದ್ದು. ಗಣಿತದಲ್ಲಿ 'ಬ್ರಾಕಿಸ್ಟೋಕ್ರೋನ್' ಅನ್ನೋ ವಕ್ರರೇಖೆ ಇದೆ: ಒಂದು ಬಿಂದುವಿನಿಂದ ಇನ್ನೊಂದಕ್ಕೆ ಅತಿ ಕಡಿಮೆ ಕಾಲದಲ್ಲಿ ಜಾರುವ ದಾರಿ. ಯೋಹಾನ್ ಬರ್ನೌಲಿ 1696ರಲ್ಲಿ ಈ ಸಮಸ್ಯೆಯನ್ನು ಗಣಿತಜ್ಞರ ಮುಂದಿಟ್ಟರು. ಪತ್ರಿಕೆಗಳ ಹೆಸರಿನಲ್ಲಿ ಬರೋ 'ಕ್ರಾನಿಕಲ್' ಅಂದ್ರೆ ಕಾಲಾನುಕ್ರಮದಲ್ಲಿ ಬರೆದಿಟ್ಟ ದಾಖಲೆ.

ಉಚ್ಚಾರಣೆಯ ಬಗ್ಗೆ ಒಂದು ಮಾತು. ಸ್ಪೆಲಿಂಗ್‌ನಲ್ಲಿ ಸಿ-ಎಚ್ ಇದ್ದರೂ ಇದು 'ಕ'. ಗ್ರೀಕ್‌ನಿಂದ ಬಂದ ಪದಗಳಲ್ಲಿ ಸಾಮಾನ್ಯವಾಗಿ ಹಾಗೇ. ನಮ್ಮ ಬ್ರಾಂಚುಗಳ ಹೆಸರೇ ಸಾಕ್ಷಿ: ಮೆಕ್ಯಾನಿಕಲ್, ಕೆಮಿಕಲ್, ಆರ್ಕಿಟೆಕ್ಚರ್, ಕೊನೆಗೆ ಟೆಕ್ನಾಲಜಿ. ಸಿವಿಲ್‌ನವರ 'ಆರ್ಚ್' ಲ್ಯಾಟಿನ್ ಮೂಲದ್ದು, ಅದಕ್ಕೇ ಅಲ್ಲಿ 'ಚ'. ಇನ್ನೊಂದು ತಮಾಷೆ ನೋಡಿ: ಮೆಕ್ಯಾನಿಕ್ ಮತ್ತು ಮಷೀನ್ ಎರಡರ ಬೇರೂ ಒಂದೇ ಗ್ರೀಕ್ ಪದ. ಮಷೀನ್ ಮಾತ್ರ ಫ್ರಾನ್ಸ್ ಸುತ್ತಿಕೊಂಡು ಬಂದಿದ್ದರಿಂದ ಅದರ ದನಿ ಬದಲಾಯ್ತು.

ಜೋಡಿಪದ: ಅಕ್ಯೂಟ್

ಕ್ರಾನಿಕ್ ಅನ್ನು ಒಂಟಿಯಾಗಿ ಕಲಿತರೆ ಮರೆತುಹೋಗುತ್ತೆ. ಅದರ ಜೋಡಿ 'ಅಕ್ಯೂಟ್' ಜೊತೆ ಕಲಿಯಬೇಕು.

ಲ್ಯಾಟಿನ್‌ನಲ್ಲಿ ಅಕ್ಯೂಟ್‌ನ ಮೂಲಾರ್ಥ ಚೂಪಾದದ್ದು. ಜ್ಯಾಮಿತಿಯ ಅಕ್ಯೂಟ್ ಆಂಗಲ್ ಚೂಪು ಮೂಲೆಯ ಕೋನ. ಕನ್ನಡದಲ್ಲಿ ನಾವು ಅದನ್ನು ಲಘುಕೋನ ಅಂತ ಕಲಿತಿದ್ದರಿಂದ ಆ ಚೂಪು ನಮ್ಮ ಕಣ್ಣಿಗೆ ಬೀಳೋದಿಲ್ಲ. ವೈದ್ಯರ ಭಾಷೆಯಲ್ಲಿ ಅಕ್ಯೂಟ್ ಅಂದ್ರೆ ಥಟ್ಟನೆ ಶುರುವಾಗಿ, ಸಾಮಾನ್ಯವಾಗಿ ಕಡಿಮೆ ಅವಧಿಯಲ್ಲಿ ಇತ್ಯರ್ಥ ಆಗುವಂಥದ್ದು. ಕ್ರಾನಿಕ್ ಅಂದ್ರೆ ನಿಧಾನವಾಗಿ ಬಂದು ಬಹುಕಾಲ ಉಳಿಯುವಂಥದ್ದು, ಅಥವಾ ಹೋದ ಹಾಗೆ ಮಾಡಿ ಮತ್ತೆ ಮತ್ತೆ ಬರುವಂಥದ್ದು.

ನಮ್ಮ ಭಾಷೆಯಲ್ಲೇ ಹೇಳಬೇಕು ಅಂದ್ರೆ ಆಸಿಲೋಸ್ಕೋಪ್ ನೆನಪಿಸಿಕೊಳ್ಳಿ. ಪರದೆಯ ಮೇಲೆ ಒಂದು ಸ್ಪೈಕ್ ಬಂದು ಹೋದರೆ ಅದು ಅಕ್ಯೂಟ್. ಇಡೀ ಸಿಗ್ನಲ್ಲೇ ಸೊನ್ನೆಯ ಗೆರೆಯಿಂದ ಮೇಲೆ ಸರಿದು ಕೂತಿದ್ದರೆ, ಅಂದ್ರೆ ಡಿಸಿ ಆಫ್‌ಸೆಟ್ ಇದ್ದರೆ, ಅದು ಕ್ರಾನಿಕ್. ಆಫ್‌ಸೆಟ್ ಚಿಕ್ಕದಿರಬಹುದು, ದೊಡ್ಡದಿರಬಹುದು. ಅದು ಬೇರೆ ಪ್ರಶ್ನೆ.

ಹಾಗಾದರೆ ಎಷ್ಟು ದಿನ ಆದರೆ ಕ್ರಾನಿಕ್? ಎಲ್ಲಾ ಕಾಯಿಲೆಗೂ ಒಂದೇ ಗಡಿ ಇಲ್ಲ. ಒಂದೊಂದಕ್ಕೂ ವೈದ್ಯಶಾಸ್ತ್ರ ತನ್ನದೇ ಗಡಿ ಹಾಕಿಕೊಂಡಿದೆ:

- ದೊಡ್ಡವರಲ್ಲಿ ಕೆಮ್ಮು: 8 ವಾರ ದಾಟಿದರೆ
- ಭೇದಿ: 4 ವಾರ ದಾಟಿದರೆ
- ನೋವು: 3 ತಿಂಗಳು ದಾಟಿ ಉಳಿದರೆ ಅಥವಾ ಮರುಕಳಿಸುತ್ತಿದ್ದರೆ
- ಕಿಡ್ನಿಯ ತೊಂದರೆ: 3 ತಿಂಗಳಿಗಿಂತ ಹೆಚ್ಚು ಇದ್ದರೆ
- ಹೆಪಟೈಟಿಸ್ ಬಿ ಸೋಂಕು: 6 ತಿಂಗಳು ದಾಟಿದರೆ

ಪಟ್ಟಿಯಲ್ಲಿ ಎಲ್ಲಾ ಕಡೆ ವಾರ, ತಿಂಗಳು. ನೋವಿನ ತೀವ್ರತೆಯ ಅಂಕಿ ಎಲ್ಲೂ ಇಲ್ಲ.

ಇವೆರಡರ ಜೊತೆಗೆ ಇನ್ನೂ ಎರಡು ಮಾತು ರಿಪೋರ್ಟುಗಳಲ್ಲಿ ಸಿಗುತ್ತವೆ. ನಡುವಿನ ಅವಧಿಯದ್ದಕ್ಕೆ 'ಸಬ್-ಅಕ್ಯೂಟ್' ಅಂತಾರೆ. ಹಳೇ ಕಾಯಿಲೆ ಇದ್ದವರಿಗೆ ಅದರ ಮೇಲೆ ಹಠಾತ್ತಾಗಿ ಹೊಸ ಏಟು ಬಿದ್ದರೆ 'ಅಕ್ಯೂಟ್ ಆನ್ ಕ್ರಾನಿಕ್' ಅಂತಾರೆ. ಆಫ್‌ಸೆಟ್ ಮೇಲೊಂದು ಸ್ಪೈಕ್, ಅಷ್ಟೇ.

ರಿಪೋರ್ಟ್ ಓದುವಾಗ ಆಗೋ ಮೂರು ಎಡವಟ್ಟು

ಮೊದಲನೆಯದು: ಕ್ರಾನಿಕ್ ಅಂದ್ರೆ ಕೊನೇ ಹಂತ ಅಂದುಕೊಳ್ಳೋದು. 'ಕ್ರಾನಿಕ್ ಕಿಡ್ನಿ ಡಿಸೀಸ್, ಸ್ಟೇಜ್ 2' ಅಂತ ಬರೆದಿರುತ್ತೆ. ಮನೆಯವರಿಗೆ ಡಯಾಲಿಸಿಸ್ ಕಣ್ಮುಂದೆ ಬರುತ್ತೆ. ಆದರೆ ಆ ಸಾಲಿನಲ್ಲಿ ಎರಡು ಬೇರೆ ಬೇರೆ ಮಾಹಿತಿ ಇದೆ. 'ಕ್ರಾನಿಕ್' ಎಷ್ಟು ಕಾಲದಿಂದ ಅಂತ ಹೇಳುತ್ತೆ, 'ಸ್ಟೇಜ್' ಎಷ್ಟು ಕೆಟ್ಟಿದೆ ಅಂತ ಹೇಳುತ್ತೆ. ಸ್ಟೇಜ್‌ಗಳು 1ರಿಂದ 5. ಕಿಡ್ನಿ ಸೋಸುವ ವೇಗದ ಅಂದಾಜು 60ರಿಂದ 89ರ ನಡುವೆ ಇದ್ದರೆ ಸ್ಟೇಜ್ 2, 15ಕ್ಕಿಂತ ಕೆಳಗಿಳಿದರೆ ಸ್ಟೇಜ್ 5. ಒಂದು ಎಕ್ಸ್ ಅಕ್ಷ, ಇನ್ನೊಂದು ವೈ ಅಕ್ಷ. ಎರಡನ್ನೂ ಕಲಸಬಾರದು.

ಎರಡನೆಯದು ಇದರ ತಿರುಗುಮುರುಗು: ಕ್ರಾನಿಕ್ ಅಂದ್ರೆ ಹಳೇದು ತಾನೇ, ಅಭ್ಯಾಸ ಆಗಿದೆ, ಬಿಡು ಅನ್ನೋದು. ಬಿಪಿಯ ವಿಷಯದಲ್ಲಿ ಇದು ದಿನನಿತ್ಯ ನಡೆಯುತ್ತೆ. ಮಾತ್ರೆ ತಗೊಂಡು ಮೂರು ತಿಂಗಳಿಗೆ ಬಿಪಿ ಸರಿಯಾಯ್ತು, 'ವಾಸಿಯಾಯ್ತಲ್ಲ' ಅಂತ ಮಾತ್ರೆ ನಿಲ್ಲಿಸ್ತಾರೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರು ಈ ತರ್ಕದಲ್ಲಿರೋ ತೂತನ್ನು ತಕ್ಷಣ ಕಾಣಬೇಕು. ಔಟ್‌ಪುಟ್ ಸೆಟ್ ಪಾಯಿಂಟಿಗೆ ಬಂತು ಅಂತ ಯಾರಾದ್ರೂ ಕಂಟ್ರೋಲರ್ ಕಿತ್ತು ಪಕ್ಕಕ್ಕಿಡ್ತಾರಾ? ಅದು ಸೆಟ್ ಪಾಯಿಂಟಿನಲ್ಲಿ ನಿಂತಿರೋದೇ ಕಂಟ್ರೋಲರ್ ಇರೋದ್ರಿಂದ. ಅಕ್ಯೂಟ್ ಕಾಯಿಲೆಗೆ 'ಕೋರ್ಸ್' ಇರುತ್ತೆ: ಐದು ದಿನ, ಏಳು ದಿನ, ಮುಗೀತು. ಕ್ರಾನಿಕ್ ಕಾಯಿಲೆಗೆ ಸಾಮಾನ್ಯವಾಗಿ ಇರೋದು ಕೋರ್ಸ್ ಅಲ್ಲ, ನಿಭಾವಣೆ. ಮಾತ್ರೆ ಕಡಿಮೆ ಮಾಡೋದು, ಬಿಡೋದು ವೈದ್ಯರು ಹೇಳಬೇಕಾದ ಮಾತು. ಅಮ್ಮನಿಗೆ 'ಕ್ರಾನಿಕ್' ಅನ್ನೋ ಪದ ಹೇಳಿಕೊಡೋದಕ್ಕಿಂತ 'ಅಮ್ಮಾ, ಸರಿಯಾಗಿರೋದು ಮಾತ್ರೆಯಿಂದಾನೇ, ಡಾಕ್ಟರನ್ನ ಕೇಳದೆ ಬಿಡಬೇಡ' ಅಂತ ಹೇಳಿಕೊಡೋದು ಮೇಲು.

ಮೂರನೆಯದು: ಅಕ್ಯೂಟ್ ಸಣ್ಣದು, ಕ್ರಾನಿಕ್ ದೊಡ್ಡದು ಅಂತ ಸಾಲಾಗಿ ಜೋಡಿಸೋದು. ರಕ್ತದ ಕ್ಯಾನ್ಸರಿನಲ್ಲಿ ಎರಡೂ ಬಗೆ ಇವೆ. ಅಕ್ಯೂಟ್ ಬಗೆಯವು ವಾರಗಳ ಲೆಕ್ಕದಲ್ಲಿ ಏರುತ್ತವೆ, ತಡಮಾಡದೆ ಚಿಕಿತ್ಸೆ ಶುರುವಾಗಬೇಕು. ಆದರೆ ಮಕ್ಕಳಲ್ಲಿ ಬರುವ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಒಳ್ಳೇ ಚಿಕಿತ್ಸೆ ಸಿಕ್ಕರೆ ಬಹುಪಾಲು ಗುಣವಾಗುತ್ತೆ. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ವರ್ಷಗಳ ಕಾಲ ನಿಧಾನವಾಗಿ ಸಾಗುತ್ತೆ. 2001ರಲ್ಲಿ ಅಮೆರಿಕದಲ್ಲಿ ಇಮ್ಯಾಟಿನಿಬ್ ಅನ್ನೋ ಮಾತ್ರೆಗೆ ಒಪ್ಪಿಗೆ ಸಿಕ್ಕಿದ ಮೇಲೆ, ದಿನಾ ಮಾತ್ರೆ ನುಂಗುತ್ತಾ ಎಷ್ಟೋ ರೋಗಿಗಳು ತಮ್ಮ ಕೆಲಸ ಕಾರ್ಯ ಮಾಡಿಕೊಂಡಿದ್ದಾರೆ. ಯಾವುದು ದೊಡ್ಡದು, ಯಾವುದು ಚಿಕ್ಕದು? ಪ್ರಶ್ನೆಯೇ ಸರಿಯಿಲ್ಲ.

ಇಲ್ಲೊಂದು ವಿಷಯ ಗಮನಿಸಿ. ಕೆಲವು ಸಲ 'ಕ್ರಾನಿಕ್' ಅನ್ನೋದೇ ಸಿಹಿಸುದ್ದಿ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೋದಲ್ಲಿ ಮೊದಲ ಬಾರಿ ಒಬ್ಬ ಹುಡುಗನಿಗೆ ಇನ್ಸುಲಿನ್ ಚುಚ್ಚಿದರು. ಅದಕ್ಕೂ ಮುಂಚೆ, ಈಗ ನಾವು ಟೈಪ್ 1 ಅನ್ನೋ ಸಕ್ಕರೆ ಕಾಯಿಲೆ ಬಂದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಇನ್ಸುಲಿನ್ ಆ ಕಾಯಿಲೆಯನ್ನು ವಾಸಿ ಮಾಡಲಿಲ್ಲ, ಕ್ರಾನಿಕ್ ಮಾಡಿತು. ಎಚ್‌ಐವಿ ಸೋಂಕಿನ ಕಥೆಯೂ ಹಾಗೇ. 1990ರ ದಶಕದ ನಡುವೆ ಸಂಯುಕ್ತ ಔಷಧಿಗಳು ಬಂದ ಮೇಲೆ, ಸರಿಯಾಗಿ ಮಾತ್ರೆ ತಗೊಳ್ಳೋರಿಗೆ ಅದು ನಿಭಾಯಿಸಬಹುದಾದ ಕ್ರಾನಿಕ್ ಸ್ಥಿತಿ ಆಯ್ತು. ದೀರ್ಘಕಾಲದ ಕಾಯಿಲೆ ಅನ್ನಿಸಿಕೊಳ್ಳಬೇಕಾದರೆ ಮೊದಲು ರೋಗಿ ದೀರ್ಘಕಾಲ ಇರಬೇಕಲ್ಲ.

ಒಂದು ಹಾಸ್ಟೆಲ್, ಐದು ಗುಣವಾಚಕ

ಕಾಲ ಹೇಳೋ ಬೇರೆ ಪದಗಳೂ ಇಂಗ್ಲಿಷಿನಲ್ಲಿ ಇವೆ. ಕನ್ನಡದ ನಿಘಂಟು ನೋಡಿದರೆ ಬಹುತೇಕ ಎಲ್ಲದಕ್ಕೂ 'ದೀರ್ಘ', 'ದೀರ್ಘಕಾಲದ' ಅಂತಲೇ ಇರುತ್ತೆ. ಹಾಗಾಗಿ ವ್ಯತ್ಯಾಸ ನಿಘಂಟಿನಲ್ಲಿ ಸಿಗಲ್ಲ, ಬಳಕೆಯಲ್ಲಿ ಸಿಗುತ್ತೆ. ಯಾವುದಾದ್ರೂ ಒಂದು ಹಾಸ್ಟೆಲ್‌ನ ನೀರಿನ ತಾಪತ್ರಯ ತಗೊಳ್ಳೋಣ.

*ಅಕ್ಯೂಟ್.* ಇವತ್ತು ಬೆಳಿಗ್ಗೆ ಮೋಟಾರು ಸುಟ್ಟಿದೆ. ಒಂದು ಹನಿ ನೀರಿಲ್ಲ. ಇದು ಅಕ್ಯೂಟ್ ಶಾರ್ಟೇಜ್. ಸಾಮಾನ್ಯ ಇಂಗ್ಲಿಷಿನಲ್ಲಿ ಅಕ್ಯೂಟ್‌ಗೆ 'ತೀವ್ರ' ಅನ್ನೋ ಅರ್ಥವೇ ಮುಖ್ಯ. ನಾವು ಕ್ರಾನಿಕ್‌ಗೆ ಹಚ್ಚೋ ಅರ್ಥ ನಿಜಕ್ಕೂ ಇದರದ್ದು.

*ಪ್ರೊಲಾಂಗ್ಡ್.* ಮೋಟಾರು ಸಂಜೆಗೆ ರಿಪೇರಿ ಆಗಬೇಕಿತ್ತು, ವೈಂಡಿಂಗ್‌ಗೆ ಕೊಟ್ಟಿದ್ದು ಮೂರು ದಿನವಾದರೂ ಬಂದಿಲ್ಲ. ಇದು ಪ್ರೊಲಾಂಗ್ಡ್. ಒಂದೇ ಘಟನೆ, ಆದರೆ ಅಂದುಕೊಂಡಿದ್ದಕ್ಕಿಂತ ಉದ್ದವಾಯ್ತು. ಶುರು ಇದೆ, ಕೊನೆಯೂ ಇದೆ.

*ಪ್ರೊಟ್ರ್ಯಾಕ್ಟೆಡ್.* ಹೊಸ ಮೋಟಾರು ಕೊಳ್ಳೋದೋ ಹಳೇದನ್ನೇ ಸರಿಮಾಡೋದೋ ಅಂತ ಮೀಟಿಂಗ್ ಮೇಲೆ ಮೀಟಿಂಗ್. ಎಳೆದೂ ಎಳೆದೂ ಎಲ್ಲರಿಗೂ ಸಾಕಾಗಿದೆ. ಉದ್ದದ ಜೊತೆ ಬೇಸರವೂ ಸೇರಿದರೆ ಪ್ರೊಟ್ರ್ಯಾಕ್ಟೆಡ್. ಮಾತುಕತೆ, ವ್ಯಾಜ್ಯ, ಯುದ್ಧ ಇವುಗಳ ಜೊತೆ ಹೆಚ್ಚು ಬರುತ್ತೆ.

*ಪೆರೆನಿಯಲ್.* ಪ್ರತಿ ವರ್ಷ ಏಪ್ರಿಲ್ ಬಂತು ಅಂದ್ರೆ ಬೋರ್‌ವೆಲ್ ಒಣಗುತ್ತೆ, ಜೂನ್‌ನಲ್ಲಿ ಸರಿಹೋಗುತ್ತೆ. ಲ್ಯಾಟಿನ್‌ನಲ್ಲಿ 'ಆನಸ್' ಅಂದ್ರೆ ವರ್ಷ. ವರ್ಷವಿಡೀ ಹರಿಯುವ ನದಿ ಪೆರೆನಿಯಲ್, ನಾವು ಜೀವನದಿ ಅನ್ನೋದು ಅದನ್ನೇ. ವರ್ಷ ವರ್ಷವೂ ಬಿಡದೆ ತಲೆಯೆತ್ತುವ ಸಮಸ್ಯೆಯೂ ಪೆರೆನಿಯಲ್. ಈ ಪದ ಒಳ್ಳೇದಕ್ಕೂ ಸಲ್ಲುತ್ತೆ, ಕೆಟ್ಟದ್ದಕ್ಕೂ ಸಲ್ಲುತ್ತೆ.

*ಕ್ರಾನಿಕ್.* ಮೂರನೇ ಮಹಡಿಯ ನಲ್ಲಿಯಲ್ಲಿ ಬೇಸಿಗೆ ಇರಲಿ ಮಳೆಗಾಲ ಇರಲಿ, ದಾರದಂತೆ ನೀರು. ಕಟ್ಟಡ ಕಟ್ಟಿದಾಗಿನಿಂದ ಹೀಗೇ. ಬಕೆಟ್ ತುಂಬೋಕೆ ಇಪ್ಪತ್ತು ನಿಮಿಷ. ಯಾರೂ ಈಗ ದೂರು ಕೊಡೋದೂ ಇಲ್ಲ. ಇದು ಕ್ರಾನಿಕ್.

ಈಗ ವಾರ್ಡನ್‌ಗೆ ಪತ್ರ ಬರೀಬೇಕು ಅಂದುಕೊಳ್ಳಿ. 'ಅಕ್ಯೂಟ್ ಶಾರ್ಟೇಜ್' ಅಂತ ಬರೆದರೆ ಟ್ಯಾಂಕರ್ ಬರುತ್ತೆ. ಮೂರನೇ ಮಹಡಿಯ ತೊಂದರೆಗೆ ಟ್ಯಾಂಕರ್ ತರಿಸಿ ಏನು ಮಾಡೋದು? ಅಲ್ಲಿ ನೋಡಬೇಕಾದ್ದು ಮೇಲಿನ ಟ್ಯಾಂಕಿನ ಎತ್ತರ, ಪೈಪಿನ ವ್ಯಾಸ, ಒಳಗೆ ಕಟ್ಟಿರೋ ಪಾಚಿ. ಸರಿಯಾದ ಗುಣವಾಚಕ ಬಿದ್ದರೆ ಸರಿಯಾದ ರಿಪೇರಿ ಸಿಗುತ್ತೆ.

ಯಾವುದರ ಜೊತೆ ಹೊಂದುತ್ತೆ, ಯಾವುದರ ಜೊತೆ ಹೊಂದಲ್ಲ

ಆಸ್ಪತ್ರೆಯ ಹೊರಗೂ ಕ್ರಾನಿಕ್ ಚೆನ್ನಾಗಿ ಓಡಾಡುತ್ತೆ. ಕ್ರಾನಿಕ್ ಅನ್‌ಎಂಪ್ಲಾಯ್‌ಮೆಂಟ್, ಕ್ರಾನಿಕ್ ಶಾರ್ಟೇಜ್ ಆಫ್ ಸ್ಟಾಫ್, ಕ್ರಾನಿಕ್ ಅಬ್ಸೆಂಟೀಯಿಸಂ. ಮನುಷ್ಯರ ಚಾಳಿಗೂ ಬರುತ್ತೆ: ಕ್ರಾನಿಕ್ ಸ್ಮೋಕರ್, ಕ್ರಾನಿಕ್ ಲಯರ್.

ಒಂದು ನಿಯಮ ನೆನಪಿಡಿ: ಕ್ರಾನಿಕ್ ಕೆಟ್ಟದ್ದಕ್ಕೆ ಮಾತ್ರ. ಬಹುಕಾಲದ ಗೆಳೆತನಕ್ಕೆ 'ಕ್ರಾನಿಕ್ ಫ್ರೆಂಡ್‌ಶಿಪ್' ಅಂದ್ರೆ ಗೆಳೆಯ ಮುನಿಸಿಕೊಳ್ತಾನೆ. ಅದಕ್ಕೆ 'ಲಾಂಗ್-ಸ್ಟ್ಯಾಂಡಿಂಗ್' ಅನ್ನಿ. ಬಾಳಿಕೆ ಬರುವ ಒಳ್ಳೇದಕ್ಕೆ 'ಲಾಸ್ಟಿಂಗ್', 'ಎಂಡ್ಯೂರಿಂಗ್' ಇವೆ. ಕ್ರಿಯಾವಿಶೇಷಣ ಬೇಕಾದರೆ 'ಕ್ರಾನಿಕಲಿ': ಕ್ರಾನಿಕಲಿ ಇಲ್, ಕ್ರಾನಿಕಲಿ ಅಂಡರ್‌ಫಂಡೆಡ್.

ಇನ್ನು ಬ್ರಿಟನ್ನಿನ ಆಡುಮಾತಿನಲ್ಲಿ ಕ್ರಾನಿಕ್‌ಗೆ 'ತೀರಾ ಕೆಟ್ಟದಾಗಿದೆ' ಅನ್ನೋ ಬಳಕೆ ಇದೆ, ಸಿನಿಮಾ ಚೆನ್ನಾಗಿಲ್ಲದಿದ್ದರೆ ಹಾಗನ್ನೋದುಂಟು. ಅಂದ್ರೆ ಜೋರು ಅನ್ನೋ ಅರ್ಥದ ಕಡೆ ಜಾರಿದ್ದು ನಾವೊಬ್ಬರೇ ಅಲ್ಲ. ಹಾಗಿದ್ದರೂ ಅದು ಹರಟೆಯ ಮಾತು. ರಿಪೋರ್ಟ್, ಪ್ರಾಜೆಕ್ಟ್, ಇಂಟರ್‌ವ್ಯೂ, ಪತ್ರ ಇವುಗಳಲ್ಲಿ ಕಾಲದ ಅರ್ಥವೇ ಸರಿ.

ಕನ್ನಡದಲ್ಲಿ ಹೇಗೆ ಹೇಳ್ತೀವಿ?

'ದೀರ್ಘಕಾಲಿಕ' ಅನ್ನೋದು ಪುಸ್ತಕದ ಪದ. ಮನೆಯಲ್ಲಿ ಯಾರೂ 'ನಂಗೆ ದೀರ್ಘಕಾಲಿಕ ಕೆಮ್ಮು' ಅನ್ನಲ್ಲ. ಹಾಗಂತ ಕನ್ನಡಕ್ಕೆ ಈ ಅರ್ಥ ಹೊಸದಾ? ಇಲ್ಲವೇ ಇಲ್ಲ. ನಾವು ಅದನ್ನು ಗುಣವಾಚಕದಲ್ಲಿ ಇಡದೆ ಬೇರೆ ಕಡೆ ಇಟ್ಟಿದ್ದೀವಿ.

ಒಂದು, ಕ್ರಿಯಾಪದದಲ್ಲಿ. 'ಅಜ್ಜ ಕೆಮ್ಮಿದರು', 'ಅಜ್ಜ ಕೆಮ್ಮುತ್ತಿದ್ದಾರೆ', 'ಅಜ್ಜ ಕೆಮ್ಮುತ್ತಲೇ ಇದ್ದಾರೆ'. ಮೂರನೆಯದರಲ್ಲಿರೋ ಆ ಪುಟ್ಟ 'ಏ' ನೋಡಿ. ಕ್ರಾನಿಕ್ ಅನ್ನೋದು ಆ ಒಂದು ಸ್ವರದಲ್ಲಿ ಅಡಗಿದೆ.

ಎರಡು, ನಾಮಪದದಲ್ಲಿ. ಕುಡಿದವನು ಬೇರೆ, ಕುಡುಕ ಬೇರೆ. ಕುಡಿದವನು ಒಂದು ದಿನದ್ದು, ಕುಡುಕ ದಿನಾ ದಿನಾ. ಸುಳ್ಳು ಹೇಳಿದವನು ಬೇರೆ, ಸುಳ್ಳುಬುರುಕ ಬೇರೆ. ಜಗಳ ಆಡಿದವಳು ಬೇರೆ, ಜಗಳಗಂಟಿ ಬೇರೆ. ತಿಂಡಿಪೋತ, ಹೊಟ್ಟೆಬಾಕ, ಅಳುಮುಂಜಿ, ಲಂಚಕೋರ. ಇಂಗ್ಲಿಷಿನವರು 'ಕ್ರಾನಿಕ್ ಲಯರ್' ಅಂತ ಎರಡು ಪದದಲ್ಲಿ ಹೇಳೋದನ್ನು ನಾವು 'ಸುಳ್ಳುಬುರುಕ' ಅಂತ ಒಂದೇ ಏಟಿಗೆ ಹೇಳಿ ಮುಗಿಸ್ತೀವಿ. ಅದಕ್ಕೇ ಅನುವಾದ ಮಾಡುವಾಗ 'ದೀರ್ಘಕಾಲಿಕ ಸುಳ್ಳುಗಾರ' ಅಂತ ಬರೆದರೆ ಓದೋರು ನಗ್ತಾರೆ.

ಮೂರು, ಆಯುರ್ವೇದದಿಂದ ಬಂದ ಪದ: ಜೀರ್ಣಜ್ವರ. ಹೊಸದಾಗಿ ಬಂದದ್ದು ನವಜ್ವರ, ಹಳೆಯದಾಗಿ ಮೈಯಲ್ಲೇ ಉಳಿದದ್ದು ಜೀರ್ಣಜ್ವರ. ಜೀರ್ಣ ಅಂದ್ರೆ ಸವೆದದ್ದು, ಹಳತಾದದ್ದು. ದೇವಸ್ಥಾನದ ಜೀರ್ಣೋದ್ಧಾರದಲ್ಲಿರೋದೂ, ಉಂಡ ಅನ್ನ ಜೀರ್ಣ ಆಗೋದ್ರಲ್ಲಿರೋದೂ ಇದೇ ಪದ. ಅಕ್ಯೂಟ್ ಮತ್ತು ಕ್ರಾನಿಕ್ ಅನ್ನೋ ಜೋಡಿಯ ಹಿಂದಿರೋ ವಿಚಾರ ನಮ್ಮ ವೈದ್ಯರಿಗೂ ಗೊತ್ತಿತ್ತು ಅನ್ನೋದಕ್ಕೆ ನವ-ಜೀರ್ಣ ಅನ್ನೋ ಈ ಜೋಡಿಯೇ ಸಾಕು.

ಹಾಗಾಗಿ ಮನೆಯವರಿಗೆ ಹೇಳುವಾಗ 'ಇದು ಹಳೇ ತೊಂದರೆ, ನಿಧಾನವಾಗಿ ಬಂದಿದೆ, ದಿನಾ ನೋಡ್ಕೋಬೇಕು' ಅಂದರೆ ಸಾಕು. ಮೂರೂ ಮಾತು ನಿಜ, ಒಂದೂ ಹೆದರಿಸಲ್ಲ.

ಎಂಜಿನಿಯರಿಗೆ ಈ ಪದ ಯಾಕೆ ಬೇಕು?

ಕ್ವಾಲಿಟಿ ಮ್ಯಾನೇಜ್‌ಮೆಂಟ್ ಓದುವವರಿಗೆ ಜೋಸೆಫ್ ಜುರಾನ್ ಹೆಸರು ಗೊತ್ತಿರುತ್ತೆ. 1986ರಲ್ಲಿ ಅವರು ಮಂಡಿಸಿದ ಕ್ವಾಲಿಟಿ ಟ್ರೈಲಜಿಯ ಚಿತ್ರ ಪರೀಕ್ಷೆಗೂ ಬರುತ್ತೆ. ಅಡ್ಡ ಅಕ್ಷದಲ್ಲಿ ಕಾಲ, ಲಂಬ ಅಕ್ಷದಲ್ಲಿ ಕಳಪೆ ಗುಣಮಟ್ಟದಿಂದಾಗುವ ನಷ್ಟ. ಗೆರೆ 20ರ ಆಸುಪಾಸಿನಲ್ಲಿ ಏರಿಳಿಯುತ್ತಾ ಸಾಗುತ್ತೆ. ನಡುವೆ ಒಮ್ಮೆ ಶಿಖರದ ಹಾಗೆ ಮೇಲೇಳುತ್ತೆ. ಆ ಶಿಖರಕ್ಕೆ ಜುರಾನ್ ಇಟ್ಟ ಹೆಸರು 'ಸ್ಪೊರಾಡಿಕ್ ಸ್ಪೈಕ್'. ಕೆಳಗೆ ಸದಾ ಇರುವ ಆ ಅಗಲವಾದ ಪಟ್ಟಿಗೆ 'ಕ್ರಾನಿಕ್ ವೇಸ್ಟ್'.

ಶಿಖರ ಎದ್ದಾಗ ಇಡೀ ಕಾರ್ಖಾನೆ ಓಡಾಡುತ್ತೆ. ಫೋನು, ಮೀಟಿಂಗು, ರಾತ್ರಿಪಾಳಿ. ಬೆಂಕಿ ಆರಿಸಿದ ಹಾಗೆ ಆರಿಸಿ, ಗೆರೆಯನ್ನು ಮತ್ತೆ 20ಕ್ಕೆ ಇಳಿಸಿ ಎಲ್ಲರೂ ನಿಟ್ಟುಸಿರು ಬಿಡ್ತಾರೆ. ಆ 20 ಯಾಕಿದೆ ಅಂತ ಯಾರೂ ಕೇಳಲ್ಲ, ಅದು ಪ್ಲಾನಿಂಗ್‌ನಲ್ಲೇ ಸೇರಿಹೋಗಿರುತ್ತೆ. ಜುರಾನ್ ಹೇಳಿದ್ದು ಇದನ್ನೇ: ಶಿಖರವನ್ನು ಇಳಿಸೋದು ನಿಯಂತ್ರಣದ ಕೆಲಸ, ಪಟ್ಟಿಯನ್ನು ತೆಳ್ಳಗೆ ಮಾಡೋದು ಸುಧಾರಣೆಯ ಕೆಲಸ. ಎರಡಕ್ಕೂ ಬೇರೆ ದಾರಿ ಬೇಕು.

ನಮ್ಮ ಅಜ್ಜಿಯರು ಇದನ್ನು ಒಂದೇ ಗಾದೆಯಲ್ಲಿ ಹೇಳಿಬಿಟ್ಟಿದ್ದಾರೆ: ದಿನಾ ಸಾಯೋರಿಗೆ ಅಳೋರು ಯಾರು? ಕ್ರಾನಿಕ್ ಸಮಸ್ಯೆಯ ನಿಜವಾದ ಅಪಾಯ ಅದೇ. ಅದಕ್ಕೆ ನಾವು ಒಗ್ಗಿಹೋಗ್ತೀವಿ.

ನಮ್ಮ ರಾಜ್ಯದ್ದೇ ಉದಾಹರಣೆ ನೋಡಿ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಅನೇಕ ಊರುಗಳಲ್ಲಿ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಸರಿ, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ ಅಂತ ಭಾರತೀಯ ಮಾನಕ ಹೇಳುತ್ತೆ. ಅದಕ್ಕಿಂತ ಸ್ವಲ್ಪ ಹೆಚ್ಚಿರುವ ಒಂದು ಲೋಟ ನೀರು ಕುಡಿದರೆ ಇವತ್ತು ಏನೂ ಆಗಲ್ಲ. ರುಚಿಯಲ್ಲೂ ಗೊತ್ತಾಗಲ್ಲ. ಅದೇ ನೀರನ್ನು ಮಗು ಹುಟ್ಟಿದಾಗಿನಿಂದ ಕುಡಿಯುತ್ತಾ ಬೆಳೆದರೆ ಹಲ್ಲಿನ ಮೇಲೆ ಕಲೆ ನಿಲ್ಲುತ್ತೆ. ಪ್ರಮಾಣ ಇನ್ನೂ ಹೆಚ್ಚಿದ್ದು ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಬಿಗಿಯುತ್ತೆ. ವಿಷಶಾಸ್ತ್ರದಲ್ಲಿ ಇದಕ್ಕೆ ಕ್ರಾನಿಕ್ ಎಕ್ಸ್‌ಪೋಷರ್ ಅಂತಾರೆ. 1984ರ ಡಿಸೆಂಬರ್ 2-3ರ ರಾತ್ರಿ ಭೋಪಾಲದಲ್ಲಿ ಮೀಥೈಲ್ ಐಸೋಸಯನೇಟ್ ಸೋರಿದ್ದು ಅಕ್ಯೂಟ್ ಎಕ್ಸ್‌ಪೋಷರ್. ಅದು ಜಗತ್ತಿನ ಪೇಪರುಗಳ ಮುಖಪುಟಕ್ಕೆ ಬಂತು. ಅಂದು ಬದುಕುಳಿದವರ ಶ್ವಾಸಕೋಶ, ಕಣ್ಣಿನ ತೊಂದರೆಗಳು ವರ್ಷಗಟ್ಟಲೆ ಮುಂದುವರಿದವು. ಅವು ಕ್ರಾನಿಕ್. ಅವಕ್ಕೆ ಮುಖಪುಟ ಸಿಕ್ಕಿದ್ದು ಕಡಿಮೆ.

ಹಸಿವಿನ ಬಗ್ಗೆ ಅಮರ್ತ್ಯ ಸೇನ್ ಮತ್ತು ಜ್ಯಾನ್ ಡ್ರೇಜ್ 1989ರ ತಮ್ಮ ಪುಸ್ತಕದಲ್ಲಿ ಹೇಳೋದೂ ಇದನ್ನೇ ಹೋಲುತ್ತೆ. ಸ್ವತಂತ್ರ ಭಾರತ ದೊಡ್ಡ ಕ್ಷಾಮಗಳನ್ನು ತಡೆಯಿತು. ಯಾಕೆ ಅಂದ್ರೆ ಕ್ಷಾಮ ಸುದ್ದಿಯಾಗುತ್ತೆ, ಸರ್ಕಾರ ಉತ್ತರ ಹೇಳಬೇಕಾಗುತ್ತೆ. ದಿನನಿತ್ಯದ ಅರೆಹೊಟ್ಟೆ ಮಾತ್ರ ಸದ್ದಿಲ್ಲದೆ ಉಳಿಯಿತು.

ನಾಳೆ ನಾವು ಕೆಲಸಕ್ಕೆ ಸೇರೋ ಕಡೆಯೂ ಇಂಥ ಪಟ್ಟಿಗಳು ಇರುತ್ತವೆ. ಸದಾ ತೊಟ್ಟಿಕ್ಕೋ ವಾಲ್ವ್, ಎಲ್ಲರೂ ಸೈಲೆಂಟ್ ಮಾಡಿಟ್ಟ ಅಲಾರಂ, ಪ್ರತಿ ಬಿಲ್ಡ್‌ನಲ್ಲೂ ಬರೋ ವಾರ್ನಿಂಗ್. 'ಅದು ಯಾವಾಗ್ಲೂ ಹಂಗೇ' ಅಂತ ಹಳಬರು ಹೇಳಿದಾಗ ನಮ್ಮ ಕಿವಿ ನೆಟ್ಟಗಾಗಬೇಕು. 'ಯಾವಾಗ್ಲೂ ಹಂಗೇ' ಅನ್ನೋದೇ ಕ್ರಾನಿಕ್‌ಗೆ ಅಚ್ಚಕನ್ನಡ.

ಅಭ್ಯಾಸ

ಕೆಳಗಿನ ಒಂದೊಂದಕ್ಕೂ ಸರಿಯಾದ ಗುಣವಾಚಕ ಯಾವುದು? ಉತ್ತರ ನೋಡೋ ಮುಂಚೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

1. ಚಿಕ್ಕಪ್ಪನಿಗೆ ನಿನ್ನೆ ರಾತ್ರಿಯಿಂದ ಹೊಟ್ಟೆನೋವು, ತಡೆಯೋಕೆ ಆಗ್ತಿಲ್ಲ.
2. ಬಸ್ ಡ್ರೈವರ್ ಒಬ್ಬರಿಗೆ ಹತ್ತು ವರ್ಷದಿಂದ ಸಣ್ಣಗೆ ಸೊಂಟನೋವು ಇದ್ದೇ ಇದೆ.
3. ಹದಿನೈದು ನಿಮಿಷದ ವೈವಾ ಒಂದು ಗಂಟೆ ನಡೆಯಿತು.
4. ಪ್ರತಿ ಮಳೆಗಾಲದಲ್ಲೂ ಅದೇ ಅಂಡರ್‌ಪಾಸ್‌ನಲ್ಲಿ ನೀರು ನಿಲ್ಲುತ್ತೆ.
5. ಎರಡು ಊರುಗಳ ನಡುವೆ ತಲೆಮಾರುಗಳಿಂದ ಬಂದ ಸ್ನೇಹ.
6. ಬಹುಕಾಲದ ಕಿಡ್ನಿ ತೊಂದರೆ ಇದ್ದವರಿಗೆ ವಾಂತಿಭೇದಿಯಾಗಿ ಕ್ರಿಯಾಟಿನಿನ್ ಎರಡೇ ದಿನದಲ್ಲಿ ಏರಿತು.

ಉತ್ತರ: 1. ಅಕ್ಯೂಟ್. 2. ಕ್ರಾನಿಕ್, ನೋವು ಸಣ್ಣದಾದರೂ ಕಾಲ ದೊಡ್ಡದು. 3. ಪ್ರೊಲಾಂಗ್ಡ್. 4. ಪೆರೆನಿಯಲ್. 5. ಲಾಂಗ್-ಸ್ಟ್ಯಾಂಡಿಂಗ್, ಒಳ್ಳೇದಕ್ಕೆ ಕ್ರಾನಿಕ್ ಬೇಡ. 6. ಅಕ್ಯೂಟ್ ಆನ್ ಕ್ರಾನಿಕ್.

ಎರಡನೆಯದಕ್ಕೆ 'ಸಣ್ಣ ನೋವು, ಹಾಗಾಗಿ ಕ್ರಾನಿಕ್ ಅಲ್ಲ' ಅಂತ ಬರೆದವರು ಆಸಿಲೋಸ್ಕೋಪ್ ಇರೋ ಪ್ಯಾರಾ ಇನ್ನೊಮ್ಮೆ ಓದಿ. ಆರಕ್ಕೆ ಆರೂ ಸರಿಯಾದವರು ಈ ವಾರ ಮನೆಗೆ ಫೋನ್ ಮಾಡಿದಾಗ ಒಂದು ಕೆಲಸ ಮಾಡಿ: ಬಿಪಿ, ಶುಗರ್ ಮಾತ್ರೆ ತಪ್ಪದೆ ತಗೊಳ್ತಿದ್ದಾರಾ ಅಂತ ಕೇಳಿ. 'ಸರಿಹೋಯ್ತು, ಬಿಟ್ಟಿದ್ದೀನಿ' ಅಂದರೆ, ಕಂಟ್ರೋಲರ್ ಕಥೆಯನ್ನು ಅವರಿಗೆ ಅರ್ಥವಾಗೋ ಕನ್ನಡದಲ್ಲಿ ಹೇಳಿ, ಡಾಕ್ಟರ ಹತ್ತಿರ ಕಳಿಸಿ.